ಮೇಷ್ಟ್ರನ್ನು ಕೇಳಿ: ‘ಗೊತ್ತಾಗುತ್ತದೆ, ಅಷ್ಟೆ’ ಅಂದರೆ ಏನು?

ಹೋದ ತಿಂಗಳು ಒಂದು ಎಡವಟ್ಟು ಮಾಡಿಕೊಂಡೆ. ಚಿತ್ರ ಬರೆಯುವಾಗ ಮುಂದಿನ ಗೆರೆ ಎಲ್ಲಿಗೆ ಹೋಗಬೇಕು ಅಂತ ಕೈಗೆ ಹೇಗೆ ಗೊತ್ತಾಗುತ್ತದೆ ಎಂದು ಓದುಗರೊಬ್ಬರು ಕೇಳಿದ್ದರು. ಪುಟದಲ್ಲಿ ಜಾಗ ಮುಗಿದಿತ್ತು, ನನಗೂ ಹಸಿವಾಗಿತ್ತು. ‘ಗೊತ್ತಾಗುತ್ತದೆ, ಅಷ್ಟೆ’ ಎಂದು ಎರಡು ಪದ ಬರೆದು ಕಳಿಸಿಬಿಟ್ಟೆ. ಅದಕ್ಕೆ ಬಂದ ಪತ್ರಗಳು ಈಗ ಮೇಜಿನ ಮೇಲೆ ಕೂತಿವೆ. ಸಾಗರ, ಸೊರಬದವರು ನಯವಾಗಿ ಬೈದಿದ್ದಾರೆ, ತೀರ್ಥಹಳ್ಳಿಯವರು ನೇರವಾಗಿಯೇ ಬೈದಿದ್ದಾರೆ. ಹೊರಗೆ ಮೂರು ದಿನದಿಂದ ಬಿಡದ ಮಳೆ, ಕರೆಂಟು ಬರುತ್ತದೆ ಹೋಗುತ್ತದೆ, ಎಲ್ಲಿಗೂ ಹೊರಡುವ ಹಾಗಿಲ್ಲ. ಹಾಗಾಗಿ ಈ ಸಲದ ಪೂರ್ತಿ ಅಂಕಣ ಆ ಎರಡು ಪದಕ್ಕೆ.

ಪ್ರಶ್ನೆ: ಮೇಷ್ಟ್ರೇ, ನೀವು ಕೊಟ್ಟಿದ್ದು ಉತ್ತರ ಅಲ್ಲ, ತಪ್ಪಿಸಿಕೊಂಡಿದ್ದು. ಕಲಾವಿದರ ಈ ಒಳಗಿನ ತಿಳಿವು ಹುಟ್ಟಿನಿಂದ ಬರುವುದಾ, ಕಲಿತರೆ ಬರುವುದಾ? ಕನ್ನಡದವರು ಓದದೆಯೂ ಕಾವ್ಯ ಬಲ್ಲವರು ಅಂತ ಕವಿರಾಜಮಾರ್ಗದಲ್ಲೇ ಇದೆಯಲ್ಲ?
– ಬಿ.ಎ. ವಿದ್ಯಾರ್ಥಿನಿ, ತೀರ್ಥಹಳ್ಳಿ

ಉತ್ತರ: ತಪ್ಪಿಸಿಕೊಂಡಿದ್ದು ನಿಜ ಮಾರಾಯ್ತಿ. ಈಗ ನಮ್ಮ ಮನೆಯ ಅಡಿಕೆ ಹಂಡೆಯ ಹತ್ತಿರ ಬಾ, ಅಲ್ಲಿಂದ ಶುರು ಮಾಡೋಣ.

ನನ್ನ ಅಜ್ಜ ಅಡಿಕೆ ಬೇಯಿಸುವಾಗ ಗಡಿಯಾರ ನೋಡುತ್ತಿರಲಿಲ್ಲ. ಹಿತ್ತಲಲ್ಲಿ ತಾಮ್ರದ ಹಂಡೆ, ಅದರಲ್ಲಿ ಕುದಿಯುವ ಚೊಗರು, ಅಂದರೆ ಅಡಿಕೆ ಬೇಯಿಸಿದ ಕಷಾಯ, ಒಳಗೆ ಸುಲಿದ ಹಸಿ ಅಡಿಕೆ. ಅಜ್ಜ ಪಕ್ಕದಲ್ಲಿ ಎಲೆಗೆ ಸುಣ್ಣ ಹಚ್ಚುತ್ತ, ಯಾರ ಹತ್ತಿರವೋ ಏನೋ ಹರಟೆ ಹೊಡೆಯುತ್ತ ಕೂತಿರುತ್ತಿದ್ದರು. ಮಾತಿನ ನಡುವೆಯೇ ಎದ್ದು ‘ತೆಗೀರೋ’ ಅನ್ನುತ್ತಿದ್ದರು. ತೆಗೆದರೆ ಸರಿಯಾಗಿ ಬೆಂದಿರುತ್ತಿತ್ತು. ಮೊದಲೇ ತೆಗೆದರೆ ಒಳಗೆ ಹಸಿ ಉಳಿಯುತ್ತದೆ, ಮಂಡಿಯಲ್ಲಿ ರೇಟು ಬೀಳುತ್ತದೆ, ಆದ್ದರಿಂದ ಇದು ತಮಾಷೆಯ ವಿಷಯ ಅಲ್ಲ. ಹೇಗೆ ಗೊತ್ತಾಯಿತು ಅಜ್ಜ ಅಂದರೆ ‘ಹದ’ ಅನ್ನುತ್ತಿದ್ದರು. ನಾನು ಎರಡು ಪದ ಬರೆದೆ, ಅವರು ಒಂದೇ ಪದದಲ್ಲಿ ಮುಗಿಸಿದ್ದರು. ಬಹಳ ವರ್ಷದ ಮೇಲೆ ನಾನೇ ಹಂಡೆ ಮುಂದೆ ನಿಂತಾಗ ಗೊತ್ತಾಗಿದ್ದು: ಕುದಿಯುವ ಸದ್ದು ಬದಲಾಗುತ್ತದೆ, ಹಬೆಯ ವಾಸನೆ ಬದಲಾಗುತ್ತದೆ. ಅಜ್ಜನ ಕಿವಿಗೂ ಮೂಗಿಗೂ ಅದು ಎಷ್ಟೋ ಸುಗ್ಗಿಯ ಪರಿಚಯ. ಬಾಯಿಗೆ ಮಾತ್ರ ಗೊತ್ತಿರಲಿಲ್ಲ.

ಹೊಳೆಯಿತು, ಸ್ಫುರಿಸಿತು, ಒಳಮನಸ್ಸು ಹೇಳಿತು ಅಂತ ಕಲಾವಿದರು ಹೇಳುವುದರಲ್ಲಿ ಮುಕ್ಕಾಲು ಪಾಲು ಈ ಹದವೇ ಅಂತ ನನ್ನ ತಿಳಿವಳಿಕೆ. ಇದು ಅಡಿಕೆ ಹಂಡೆಯ ಮುಂದೆ ಕೂತವರ ಮಾತು ಮಾತ್ರ ಅಲ್ಲ. ಅಮೆರಿಕದ ಹರ್ಬರ್ಟ್ ಸೈಮನ್ ಮತ್ತು ವಿಲಿಯಂ ಚೇಸ್ 1973ರಲ್ಲಿ ಚೆಸ್ ಆಟಗಾರರ ಮೇಲೆ ಒಂದು ಪ್ರಯೋಗ ಪ್ರಕಟಿಸಿದರು. ನಿಜವಾದ ಆಟದ ನಡುವಿನ ಒಂದು ಮಣೆಯನ್ನು 5 ಸೆಕೆಂಡು ತೋರಿಸಿ ಮುಚ್ಚಿದರೆ, ನುರಿತ ಆಟಗಾರ ಹೆಚ್ಚಿನ ಕಾಯಿಗಳನ್ನು ಸರಿಯಾದ ಮನೆಯಲ್ಲಿ ವಾಪಸು ಇಡುತ್ತಿದ್ದ, ಹೊಸಬ ತಡಕಾಡುತ್ತಿದ್ದ. ಅದೇ ಕಾಯಿಗಳನ್ನು ಸುಮ್ನೆ ಮನಸ್ಸಿಗೆ ಬಂದಂತೆ ಚೆಲ್ಲಿ ತೋರಿಸಿದರೆ? ನುರಿತವನ ಹೆಚ್ಚುಗಾರಿಕೆ ಹೆಚ್ಚುಕಡಿಮೆ ಮಾಯ. ಅಂದರೆ ಅವನ ನೆನಪಿನ ಶಕ್ತಿ ದೊಡ್ಡದಲ್ಲ, ಅವನು ನೋಡಿದ ಮಣೆಗಳು ಜಾಸ್ತಿ. ಒಳತಿಳಿವು ಅಂದರೆ ಗುರುತು ಹಿಡಿಯುವುದು, ಬೇರೇನೂ ಅಲ್ಲ ಅಂತ ಸೈಮನ್ ಆಮೇಲೆ ಖಡಾಖಂಡಿತವಾಗಿ ಹೇಳಿದ. ಬೇರೇನೂ ಅಲ್ಲ ಅನ್ನುವ ಮಟ್ಟಕ್ಕೆ ನಾನು ಹೋಗುವುದಿಲ್ಲ. ಮುಕ್ಕಾಲು ಪಾಲು ಅಂತ ಅದಕ್ಕೇ ಹೇಳಿದ್ದು.

ಇನ್ನು ಕವಿರಾಜಮಾರ್ಗ. 9ನೇ ಶತಮಾನದ ಆ ಸಾಲನ್ನು ಸರಿಯಾಗಿ ಓದು: ‘ಕುರಿತೋದದೆಯುಂ’ ಅಂತ ಇದೆ. ಕುರಿತು ಓದದೆ, ಅಂದರೆ ಕೂತು ಗುರಿಯಿಟ್ಟು ಓದದೆ. ಕಿವಿಗೇ ಬೀಳದೆ ಅಂತ ಎಲ್ಲಿದೆ? ಬೀಸುವ ಕಲ್ಲಿನ ಹಾಡು, ಜೋಗುಳ, ಗದ್ದೆಯ ಹಾಡು ಕೇಳುತ್ತ ಬೆಳೆದವರಿಗೆ ಲಯ ಪುಸ್ತಕದಿಂದ ಬರಬೇಕಾಗಿಲ್ಲ. ಹುಟ್ಟಿನ ವಿಷಯಕ್ಕೆ ಬಂದರೆ, ಕಾವ್ಯಶಾಸ್ತ್ರ ಬರೆದ ನಮ್ಮ ಹಳೇ ಆಲಂಕಾರಿಕರು ಇದರ ಬಗ್ಗೆ ಚೆನ್ನಾಗಿಯೇ ಜಗಳವಾಡಿದ್ದಾರೆ. ಮಮ್ಮಟ ಶಕ್ತಿ, ನಿಪುಣತೆ, ಅಭ್ಯಾಸ ಮೂರೂ ಸೇರಿಯೇ ಕಾವ್ಯಕ್ಕೆ ಕಾರಣ ಅಂದ. ಕವಿರಾಜಮಾರ್ಗಕ್ಕೆ ದಾರಿ ತೋರಿದ ದಂಡಿಯೂ ಪ್ರತಿಭೆ ಬೇಕು ಅನ್ನುತ್ತಾನೆ, ಆದರೆ ಜೊತೆಗೇ, ಅಂಥ ಅದ್ಭುತ ಪ್ರತಿಭೆ ಇಲ್ಲದಿದ್ದರೂ ಕೇಳಿ ಕಲಿತು ಶ್ರಮಪಟ್ಟರೆ ವಾಗ್ದೇವಿ ಏನಾದರೂ ಅನುಗ್ರಹ ಮಾಡಿಯೇ ಮಾಡುತ್ತಾಳೆ ಅಂತ ಸೇರಿಸುತ್ತಾನೆ. ನಾನು ದಂಡಿಯ ಕಡೆ. ಕೆಲವು ಮಕ್ಕಳಿಗೆ ಬೇಗ ಬರುತ್ತದೆ, ಅದನ್ನು ಡ್ರಾಯಿಂಗ್ ಮೇಷ್ಟ್ರಾಗಿದ್ದವನು ಇಲ್ಲ ಅನ್ನುವ ಹಾಗಿಲ್ಲ. ಬೇಗ ಬಂದವರೆಲ್ಲ ಉಳಿಯಲಿಲ್ಲ ಅನ್ನುವುದನ್ನೂ ನೋಡಿದ್ದೇನೆ.

ಪ್ರಶ್ನೆ: ನಾನು ಹವ್ಯಾಸಿ ಅರ್ಥಧಾರಿ. ಕೆಲವು ರಾತ್ರಿ ವಾಲಿ ತಾನಾಗಿಯೇ ಮಾತಾಡುತ್ತಾನೆ, ನಾನು ಪಕ್ಕದಲ್ಲಿ ಕೂತು ಕೇಳಿಸಿಕೊಂಡ ಹಾಗೆ. ಇನ್ನು ಕೆಲವು ದಿನ ಬರೆದುಕೊಂಡು ಹೋದ ಮಾತೂ ಗಂಟಲಲ್ಲೇ ಸಿಕ್ಕಿಕೊಳ್ಳುತ್ತದೆ. ಯಾಕೆ ಮೇಷ್ಟ್ರೇ?
– ಅಡಿಕೆ ಬೆಳೆಗಾರ, ಹೊಸನಗರ

ಉತ್ತರ: ಬರೆದುಕೊಂಡು ಹೋಗಿದ್ದಕ್ಕೇ ಸಿಕ್ಕಿಕೊಂಡಿದ್ದು.

ತಾಳಮದ್ದಳೆ ಗೊತ್ತಿಲ್ಲದ ಬಯಲುಸೀಮೆ ಓದುಗರಿಗೆ ಎರಡು ಮಾತು. ಇದು ವೇಷ, ಕುಣಿತ ಇಲ್ಲದ ಯಕ್ಷಗಾನ. ಭಾಗವತರು ಪದ್ಯ ಹಾಡುತ್ತಾರೆ, ಅರ್ಥಧಾರಿ ಆ ಪದ್ಯ ಹಿಡಿದು ತನ್ನದೇ ಮಾತಲ್ಲಿ ಪಾತ್ರವನ್ನು ಬೆಳೆಸುತ್ತಾನೆ, ಎದುರಿನವ ಅದಕ್ಕೆ ಉತ್ತರ ಕೊಡುತ್ತಾನೆ. ಪದ್ಯ ಬರೆದದ್ದು, ಮಾತು ಬರೆದದ್ದಲ್ಲ. ಮರದ ಮರೆಯಲ್ಲಿ ನಿಂತು ಯಾಕೆ ಬಾಣ ಬಿಟ್ಟೆ ಅಂತ ವಾಲಿ ಕೇಳಿದಾಗ ಇವತ್ತಿನ ರಾಮ ಏನು ಹೇಳುತ್ತಾನೆ ಅಂತ ವಾಲಿಗೂ ಗೊತ್ತಿರುವುದಿಲ್ಲ, ಎಷ್ಟೋ ಸಲ ರಾಮನಿಗೂ ಗೊತ್ತಿರುವುದಿಲ್ಲ.

ಇದಕ್ಕೆ ಹತ್ತಿರದ ಒಂದು ಪ್ರಯೋಗ ಇದೆ. ಚಾರ್ಲ್ಸ್ ಲಿಂಬ್ ಮತ್ತು ಅಲೆನ್ ಬ್ರೌನ್ ಅನ್ನುವವರು 2008ರಲ್ಲಿ ಪ್ರಕಟಿಸಿದ್ದು. ಆರು ಜನ ಜಾಜ್ ಪಿಯಾನೋ ವಾದಕರನ್ನು ಎಂಆರ್‌ಐ ಯಂತ್ರದೊಳಗೆ ಮಲಗಿಸಿ, ಒಂದು ಸಣ್ಣ ಕೀಬೋರ್ಡ್ ಕೊಟ್ಟು, ಮೊದಲು ಬಾಯಿಪಾಠದ್ದನ್ನು ನುಡಿಸಿ ಅಂದರು, ಆಮೇಲೆ ಮನೋಧರ್ಮದಂತೆ ನುಡಿಸಿ ಅಂದರು. ಮನೋಧರ್ಮದಲ್ಲಿ ನುಡಿಸುವಾಗ ಮಿದುಳಿನ ಮುಂಭಾಗದಲ್ಲಿ, ನಮ್ಮನ್ನು ನಾವೇ ಕಾವಲು ಕಾಯುವ, ತಿದ್ದುವ ಕೆಲಸಕ್ಕೆ ಸಂಬಂಧಪಟ್ಟ ಭಾಗ ತಣ್ಣಗಾಗಿತ್ತು. ನಡುವಿನ ಇನ್ನೊಂದು ಭಾಗ, ತನ್ನತನವನ್ನು ಹೊರಹಾಕುವಾಗ ಕೆಲಸ ಮಾಡುತ್ತದೆ ಅನ್ನುವಂಥದ್ದು, ಚುರುಕಾಗಿತ್ತು. ಆರೇ ಜನ, ಅದೂ ಮಲಗಿಕೊಂಡು ಪಿಯಾನೋ, ಆದ್ದರಿಂದ ಇದನ್ನು ವೇದವಾಕ್ಯ ಮಾಡಿಕೊಳ್ಳಬೇಡಿ. ಆದರೆ ನೀವು ಹೇಳಿದ ‘ಪಕ್ಕದಲ್ಲಿ ಕೂತು ಕೇಳಿದ ಹಾಗೆ’ ಅನ್ನುವುದಕ್ಕೆ ಇದು ಚೆನ್ನಾಗಿ ಹೊಂದುತ್ತದೆ ಅಲ್ವಾ?

ನನಗೂ ಒಮ್ಮೆ ಆಗಿದೆ. ನಾನು ಮದ್ದಳೆ ಬಾರಿಸುವುದು ಅಷ್ಟಕ್ಕಷ್ಟೆ, ಊರಲ್ಲಿ ಬೇರೆ ಯಾರೂ ಸಿಗದಿದ್ದರೆ ನನ್ನನ್ನು ಕೂರಿಸುತ್ತಾರೆ. ಒಂದು ರಾತ್ರಿ ಭಾಗವತರು ಪದ್ಯದ ಕೊನೆಯನ್ನು ಯಾವತ್ತೂ ಇಲ್ಲದ ಹಾಗೆ ಎಳೆದರು, ನನ್ನ ಕೈ ಅವರ ಜೊತೆಗೇ ಹೋಗಿ ಸರಿಯಾದ ಜಾಗದಲ್ಲಿ ಮುಕ್ತಾಯ ಕೊಟ್ಟಿತು. ನನಗೇ ಆಶ್ಚರ್ಯ. ಅದ್ಹೇಗೆ ಮಾಡಿದೆ ಅಂತ ಯೋಚಿಸುತ್ತ ಮುಂದಿನ ಪದ್ಯಕ್ಕೆ ಕೈ ಹಾಕಿದೆ, ತಾಳ ತಪ್ಪಿತು. ಭಾಗವತರು ನೋಡಿದ ನೋಟ ಈಗಲೂ ನೆನಪಿದೆ.

ನಿಮ್ಮದೂ ಅದೇ ಕಥೆ. ಬರೆದ ವಾಕ್ಯ ಜೇಬಿನಲ್ಲಿದ್ದರೆ ಅರ್ಧ ಮನಸ್ಸು ಅದನ್ನು ಹುಡುಕುತ್ತಿರುತ್ತದೆ, ರಾಮ ಹೇಳಿದ್ದು ಕಿವಿಗೇ ಬೀಳುವುದಿಲ್ಲ. ವಾಕ್ಯ ಒಯ್ಯಬೇಡಿ, ಸರಕು ಒಯ್ಯಿರಿ. ವಾಲಿಗೆ ಸಿಟ್ಟು ಬರಲು ಎಷ್ಟು ಕಾರಣ ಇದೆ, ಸುಗ್ರೀವನ ಮೇಲೆ ಎಷ್ಟು, ರಾಮನ ಮೇಲೆ ಎಷ್ಟು, ತಾರೆಯ ಮಾತು ಕೇಳದ ತನ್ನ ಮೇಲೆ ಎಷ್ಟು, ಇದನ್ನು ತೋಟದಲ್ಲಿ ಓಡಾಡುವಾಗ ಯೋಚಿಸಿ. ಕೂತ ಮೇಲೆ ಏನೂ ಹೊಳೆಯದಿದ್ದರೆ ಎದುರಿನವರ ಕೊನೆಯ ಪದವನ್ನೇ ಎತ್ತಿಕೊಂಡು ಪ್ರಶ್ನೆ ಮಾಡಿ. ‘ಧರ್ಮ ಅಂದೆಯಾ?’ ಅಂತ. ಅಷ್ಟಕ್ಕೆ ವಾಲಿ ಎದ್ದುಬಿಡುತ್ತಾನೆ.

ಪ್ರಶ್ನೆ: ನಮ್ಮ ಅಜ್ಜಿ ಹಸೆ ಚಿತ್ತಾರ ಬರೆಯುವಾಗ ಸ್ಕೇಲು, ಪೆನ್ಸಿಲ್ ಏನೂ ಇರಲಿಲ್ಲ. ನಾನು ಈಗ ಆರ್ಡರ್ ತಗೊಂಡು ಬಟ್ಟೆ, ಹಲಗೆ ಮೇಲೆ ಬರೆದುಕೊಡುತ್ತೇನೆ, ಸ್ಕೇಲು ಇಟ್ಟೇ ಬರೆಯುವುದು. ಗೆರೆ ನೇರ ಬರುತ್ತದೆ, ಆದರೆ ಸತ್ತ ಹಾಗಿರುತ್ತದೆ. ಅಜ್ಜಿಯದು ಸೊಟ್ಟ ಇದ್ದರೂ ಜೀವ ಇತ್ತು. ನನಗೆ ಆ ಕೈ ಬರುವುದಿಲ್ವಾ?
– ಗೃಹಿಣಿ, ಸೊರಬ ತಾಲೂಕು

ಉತ್ತರ: ಬರುತ್ತದಮ್ಮ. ಅಜ್ಜಿಯ ಕೈ ಏನು ಮಾಡುತ್ತಿತ್ತು ಅಂತ ಮೊದಲು ನೋಡೋಣ.

ನಿಮ್ಮ ಕಡೆಯ ದೀವರ ಮನೆಗಳಲ್ಲಿ ಮದುವೆಗೆ ಚಿತ್ತಾರ ಬರೆಯುವುದನ್ನು ನಾನು ಗಂಟೆಗಟ್ಟಲೆ ಕೂತು ನೋಡಿದ್ದೇನೆ. ಕೆಮ್ಮಣ್ಣು ಬಳಿದ ಗೋಡೆ, ನೆನೆಸಿ ಅರೆದ ಅಕ್ಕಿಯ ಬಿಳಿ, ಹುರಿದು ಕರಿ ಮಾಡಿದ ಅಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿ, ಕೈಯಲ್ಲಿ ಪುಂಡಿ ನಾರಿನ ಕುಂಚ. ಸ್ಕೇಲು ಇಟ್ಟವರು ಪ್ರತಿ ಗೆರೆಯನ್ನೂ ಅಂಚಿನಿಂದ ಅಳೆಯುತ್ತಾರೆ. ಚಿತ್ತಾರಗಿತ್ತಿ ಹಾಗೆ ಅಳೆಯುವುದಿಲ್ಲ. ಅವಳ ಕಣ್ಣು ಇರುವುದು ಈಗಷ್ಟೇ ಎಳೆದ ಎಳೆಯ ಮೇಲೆ, ಹೊಸ ಎಳೆ ಅದರ ಪಕ್ಕ ಹೋಗುತ್ತದೆ. ಐದನೇ ಎಳೆ ಚೂರು ಬಾಗಿತು ಅನ್ನಿ, ಆರನೆಯದು ಅದರ ಜೊತೆ ಚೂರು ಬಾಗುತ್ತದೆ, ಏಳನೆಯದು ನಿಧಾನಕ್ಕೆ ನೆಟ್ಟಗಾಗುತ್ತದೆ. ತಪ್ಪು ಅಲ್ಲೇ ಕರಗಿಹೋಯಿತು. ನಿಮ್ಮ ಸ್ಕೇಲಿನ ಗೆರೆಯಲ್ಲಿ ಒಂದು ತಪ್ಪಾದರೆ ಅದು ಒಂಟಿಯಾಗಿ ನಿಂತು ಎಲ್ಲರನ್ನೂ ದಿಟ್ಟಿಸುತ್ತದೆ. ಜೊತೆಗೆ ನಾರಿನ ಕುಂಚ ಬಣ್ಣ ಹೀರಿದಾಗ ದಪ್ಪ ಬರೆಯುತ್ತದೆ, ಖಾಲಿಯಾಗುತ್ತ ತೆಳು ಬರೆಯುತ್ತದೆ, ಮತ್ತೆ ಅದ್ದಿದಾಗ ದಪ್ಪ. ಉಸಿರಾಡಿದ ಹಾಗೆ ಕಾಣುವುದು ಇದೇ. ನೀವು ಜೀವ ಅಂದದ್ದೂ ಬಹುಶಃ ಇದನ್ನೇ.

ಹೆಂಗಸರು ಹಾಡು ಹೇಳಿಕೊಂಡು ಬರೆಯುತ್ತಾರಲ್ಲ, ಅದೂ ಸುಮ್ನೆ ಅಲ್ಲ ಅಂತ ನನ್ನ ಊಹೆ. ಹಾಡಿದ್ದರೆ ಕೈಗೆ ಒಂದು ನಡೆ ಸಿಗುತ್ತದೆ, ತಲೆಗೆ ಗೆರೆಯ ಬಗ್ಗೆ ಚಿಂತೆ ಮಾಡಲು ಪುರುಸೊತ್ತು ಇರುವುದಿಲ್ಲ. ಹೊಸನಗರದವರಿಗೆ ಮೇಲೆ ಬರೆದದ್ದನ್ನೂ ಓದಿ, ಎರಡೂ ಒಂದೇ ಗುಟ್ಟು.

ಹೀಗೆ ಮಾಡಿ. ಹೊರಗಿನ ಚೌಕಟ್ಟಿಗೆ ಮಾತ್ರ ದಾರ ಹಿಡಿದು ಗುರುತು ಹಾಕಿಕೊಳ್ಳಿ, ಅದರಲ್ಲಿ ನಾಚಿಕೆ ಏನಿಲ್ಲ. ಒಳಗಿನ ಎಳೆಗೆ ಸ್ಕೇಲು ಮುಟ್ಟಬೇಡಿ. ಆರ್ಡರ್ ಮೇಲೆ ಪ್ರಯೋಗ ಬೇಡ, ಅಂಗಳದ ಕಲ್ಲು ಚಪ್ಪಡಿ ಮೇಲೆ ಅಕ್ಕಿ ನೀರಲ್ಲಿ ದಿನಾ ಅರ್ಧ ಗಂಟೆ ಬರೆಯಿರಿ, ತೊಳೆಯಿರಿ. ಮೂರು ತಿಂಗಳು ಕೆಟ್ಟದಾಗಿಯೇ ಬರುತ್ತದೆ. ಭೂಮಿ ಹುಣ್ಣಿಮೆಗೆ ಭೂಮಣ್ಣಿ ಬುಟ್ಟಿ ಬರೆಯುತ್ತೀರಲ್ಲ, ಬುಟ್ಟಿಯ ಉಬ್ಬಿನ ಮೇಲೆ ಸ್ಕೇಲು ಹೇಗೂ ಕೂರುವುದಿಲ್ಲ, ಕೈಯ ಪರೀಕ್ಷೆಗೆ ಅದಕ್ಕಿಂತ ಒಳ್ಳೆ ಜಾಗ ಬೇರೆ ಇಲ್ಲ. ಮತ್ತೆ ಒಂದು ವ್ಯಾಪಾರದ ಮಾತು: ನೇರ ಗೆರೆಯೇ ಬೇಕು ಅನ್ನುವ ಗಿರಾಕಿಗೆ ಸ್ಕೇಲಿನದ್ದೇ ಕೊಡಿ, ಬರಿಗೈಯಲ್ಲಿ ಬರೆದದ್ದಕ್ಕೆ ಜಾಸ್ತಿ ದುಡ್ಡು ಹೇಳಿ.

ಪ್ರಶ್ನೆ: ‘ಹಲಗೆ ಬಳಪವ ಪಿಡಿಯದೊಂದಗ್ಗಳಿಕೆ, ಪದವಿಟ್ಟಳುಪದೊಂದಗ್ಗಳಿಕೆ’ ಅಂತಾನೆ ಕುಮಾರವ್ಯಾಸ. ಇಟ್ಟ ಪದ ಅಳಿಸದೇ ಅಷ್ಟು ದೊಡ್ಡ ಭಾರತ ಬರೆಯಲು ಸಾಧ್ಯವೇ? ನಾನು ನಿವೃತ್ತಿಯ ನಂತರ ಪದ್ಯ ಬರೆಯಲು ಶುರು ಮಾಡಿದ್ದೇನೆ, ರಬ್ಬರ್ ಸವೆಯುತ್ತಿದೆ.
– ಕಾರ್ಖಾನೆ ನಿವೃತ್ತ, ಭದ್ರಾವತಿ

ಉತ್ತರ: ಕವಿ ತನ್ನ ಬಗ್ಗೆ ತಾನೇ ಹೇಳಿಕೊಂಡದ್ದನ್ನು ಸ್ವಲ್ಪ ಸೋಸಿ ಕುಡಿಯಬೇಕು ಸ್ವಾಮಿ. ಕೋಲ್‌ರಿಜ್ ಅನ್ನುವ ಇಂಗ್ಲಿಷ್ ಕವಿ 1816ರಲ್ಲಿ ಒಂದು ಪದ್ಯ ಅಚ್ಚು ಹಾಕಿಸಿ, ಇದು ನಿದ್ದೆಯಲ್ಲಿ ಪೂರ್ತಿ ಬಂದದ್ದು, ಎದ್ದು ಬರೆದುಕೊಳ್ಳುತ್ತಿದ್ದಾಗ ಯಾರೋ ಕೆಲಸದ ಮೇಲೆ ಬಂದು ಕೆಡಿಸಿದರು ಅಂದ. ಆಮೇಲೆ ನೋಡಿದರೆ ಅದರದ್ದೇ ಕೈಬರಹದ ಪ್ರತಿಯೊಂದು ಸಿಕ್ಕಿತು, ಅಲ್ಲಿಯ ಪದಗಳೂ ಅಚ್ಚಿನ ಪದಗಳೂ ಕೆಲವು ಕಡೆ ಬೇರೆ ಬೇರೆ. ತಿದ್ದಿದ್ದಾನೆ ಪುಣ್ಯಾತ್ಮ. ಬೇತೋವನ್‌ನ ಸಂಗೀತ ಕೇಳಿದರೆ ಆಕಾಶದಿಂದ ಇಳಿದ ಹಾಗಿದೆ, ಅವನ ಕರಡು ಪುಸ್ತಕ ತೆರೆದರೆ ಗೀಚಿ ಹೊಡೆದು ಮತ್ತೆ ಗೀಚಿದ್ದೇ ಕಾಣುತ್ತದೆ.

ಹಾಗಂತ ಕುಮಾರವ್ಯಾಸ ಸುಳ್ಳು ಹೇಳಿದ ಅಂತ ನಾನು ಹೇಳಿಲ್ಲ, ಗದಗಿನವರು ಜಗಳಕ್ಕೆ ಬಂದಾರು. ಭಾಮಿನಿ ಷಟ್ಪದಿಯ ಲೆಕ್ಕ ನೋಡಿ. ಮೂರು ನಾಲ್ಕು ಮೂರು ನಾಲ್ಕು, ಒಟ್ಟು 14 ಮಾತ್ರೆ, ಮೂರನೇ ಸಾಲೂ ಆರನೇ ಸಾಲೂ ಉದ್ದ, ಕೊನೆಗೊಂದು ಗುರು. ಆ ನಡೆ ಮೈಗೆ ಹತ್ತಿದವನಿಗೆ ಹೊಂದದ ಪದ ನಾಲಿಗೆವರೆಗೂ ಬರುವುದಿಲ್ಲ, ಅಳಿಸುವುದೆಲ್ಲ ಒಳಗೇ ಮುಗಿದಿರುತ್ತದೆ. ಇದೇ ಮಾತು ಆ ಕಾವ್ಯವನ್ನು ಹಾಡುವವರಿಗೂ. ಶಿವಮೊಗ್ಗದ ಪಕ್ಕದಲ್ಲಿ, ತುಂಗೆಯ ದಂಡೆಯ ಹೊಸಹಳ್ಳಿಯ ಎಚ್.ಆರ್. ಕೇಶವಮೂರ್ತಿಯವರಿಗೆ ಗಮಕಕ್ಕಾಗಿ 2022ರಲ್ಲಿ ಪದ್ಮಶ್ರೀ ಬಂತಲ್ಲ, ಕುಮಾರವ್ಯಾಸನ ಪದ್ಯದ ನೆತ್ತಿಯ ಮೇಲೆ ಯಾವ ರಾಗ ಅಂತ ಬರೆದಿರುವುದಿಲ್ಲ. ದ್ರೌಪದಿಯ ಅಳಲು ಎಲ್ಲಿ ಸಿಟ್ಟಾಗುತ್ತದೆ, ಅಲ್ಲಿ ರಾಗ ಎಲ್ಲಿಗೆ ತಿರುಗಬೇಕು ಅಂತ ಗಮಕಿಯೇ ಕಂಡುಕೊಳ್ಳಬೇಕು. ಪದ್ಯ ಬಾಯಿಗೆ ಬಂದವರಿಗೆ ಮಾತ್ರ ಆ ತಿರುವು ಕಾಣುತ್ತದೆ.

ಅಳಿಸಲಾಗದ ಕೆಲಸ ಅಂದರೆ ನನಗೆ ನೆನಪಾಗುವುದು ಶಿಲ್ಪಿಗಳು. ಶಿಕಾರಿಪುರದ ಕಡೆಯ ಬಳ್ಳಿಗಾವೆಯಿಂದ ದಾಸೋಜ ಅನ್ನುವವನೂ ಅವನ ಮಗ ಚಾವಣನೂ ಬೇಲೂರಿಗೆ ಹೋಗಿ ಮದನಿಕೆಯರನ್ನು ಕಡೆದರು, ಕೆಳಗೆ ಹೆಸರೂ ಕೆತ್ತಿದ್ದಾರೆ. ಕವಿ ಬಳಪ ಹಿಡಿಯಲಿಲ್ಲ, ಇವರು ಹಿಡಿದದ್ದೇ ಬಳಪದ ಕಲ್ಲು. ಗಣಿಯಿಂದ ತೆಗೆದಾಗ ಮೆದು, ಗಾಳಿಗೆ ಬಿಟ್ಟ ಹಾಗೆ ಗಟ್ಟಿಯಾಗುತ್ತದೆ ಅನ್ನುವ ಗುಣದ್ದು. ಉಳಿ ಒಂದು ಪೆಟ್ಟು ಜಾಸ್ತಿ ಹೋದರೆ ಮೂಗು ಹೋಯಿತು, ಯಾವ ರಬ್ಬರೂ ಇಲ್ಲ. ನಿಮ್ಮ ಕೈಯಲ್ಲಿ ರಬ್ಬರ್ ಇದೆ, ಸವೆಯಲಿ ಬಿಡಿ. ಅಳಿಸಿದ ಪದ ಮಾತ್ರ ಬದಿಯಲ್ಲಿ ಓದುವ ಹಾಗೆ ಬರೆದಿಡಿ, ಎಷ್ಟೋ ಸಲ ಮೊದಲು ಬಂದದ್ದೇ ಸರಿ ಇರುತ್ತದೆ.

ಪ್ರಶ್ನೆ: ಸ್ಫೂರ್ತಿಗೆ ಸ್ವಲ್ಪ ‘ತೀರ್ಥ’ ಬೇಕೇ ಬೇಕು ಅಂತಾರೆ ನಮ್ಮ ಕವಿಮಿತ್ರರು. ನಿಜವಾ?
– ಹೆಸರು ಬೇಡ, ಶಿವಮೊಗ್ಗ

ಉತ್ತರ: ರಾತ್ರಿ ಬರೆದದ್ದನ್ನು ಬೆಳಿಗ್ಗೆ ಕಾಫಿಗೆ ಮೊದಲು ಗಟ್ಟಿಯಾಗಿ ಓದಲು ಹೇಳಿ. ನಾನು ನನ್ನದನ್ನು ಓದಿದ್ದೇನೆ, ಆಮೇಲೆ ಒಲೆಗೆ ಹಾಕಿದ್ದೇನೆ.

ಪ್ರಶ್ನೆ: ಮಂಡಗದ್ದೆಯಲ್ಲಿ ಹಕ್ಕಿಗಳ ಫೋಟೋ ತೆಗೆಯುತ್ತೇನೆ. ಹಕ್ಕಿ ಹಾರುವ ಕ್ಷಣ ಪ್ರತಿಸಲ ತಪ್ಪುತ್ತದೆ, ನನ್ನ ಕ್ಯಾಮೆರಾ ನನ್ನ ಗುರುಗಳದ್ದಕ್ಕಿಂತ ದುಬಾರಿ. ಅವರು ನೋಡದೇ ಒತ್ತಿದ ಹಾಗೆ ಒತ್ತುತ್ತಾರೆ, ಸಿಗುತ್ತದೆ.
– ಮೊಬೈಲ್ ಅಂಗಡಿ ಮಾಲೀಕ, ಶಿವಮೊಗ್ಗ

ಉತ್ತರ: ನಿಮ್ಮ ಗುರುಗಳು ಹಾರುವಾಗ ಒತ್ತುವುದಿಲ್ಲ. ಹಾರುತ್ತದೆ ಅಂತ ಗೊತ್ತಾದಾಗ ಒತ್ತುತ್ತಾರೆ.

ಮುಂದಿನ ಸಲ ತುಂಗೆಯ ನಡುಗಡ್ಡೆಯ ಬೆಳ್ಳಕ್ಕಿ, ನೀರುಕಾಗೆಗಳನ್ನು ಕ್ಯಾಮೆರಾ ಇಲ್ಲದೆ ಎರಡು ಗಂಟೆ ನೋಡಿ. ಹಾರುವ ಮೊದಲು ಹಕ್ಕಿ ಮೈ ಸ್ವಲ್ಪ ತಗ್ಗಿಸುತ್ತದೆ, ಕತ್ತು ಮುಂದೆ ಬರುತ್ತದೆ, ಗಾಳಿಯ ಕಡೆ ಮುಖ ಮಾಡುತ್ತದೆ, ಮತ್ತೆ, ಊಟದ ಹೊತ್ತಲ್ಲಿ ಓದುತ್ತಿದ್ದರೆ ಕ್ಷಮಿಸಿ, ಬಹಳ ಸಲ ಹಿಕ್ಕೆ ಹಾಕಿ ಮೈ ಹಗುರ ಮಾಡಿಕೊಳ್ಳುತ್ತದೆ. ಹಕ್ಕಿ ಫೋಟೋ ತೆಗೆಯುವವರೆಲ್ಲ ಕಾಯುವುದು ಈ ಕೊನೆಯದಕ್ಕೆ. ನಿಮ್ಮ ಗುರುಗಳನ್ನು ಕೇಳಿದರೆ ‘ಅಂದಾಜು’ ಅಂದಾರು. ಅವರ ಕಣ್ಣಿಗೆ ಈ ಪಟ್ಟಿ ಪೂರ್ತಿ ಗೊತ್ತಿದೆ, ನಮ್ಮ ಅಜ್ಜನ ಮೂಗಿನ ಹಾಗೆ.

ಆ ಒಂದು ಕ್ಷಣದ ಬಗ್ಗೆ ಮಾತು ಬಂದರೆ ಎಲ್ಲರೂ ಫ್ರಾನ್ಸಿನ ಕಾರ್ತಿಯೆ ಬ್ರೆಸ್ಸೋನ್ ಹೆಸರು ಹೇಳುತ್ತಾರೆ. 1932ರಲ್ಲಿ ಪ್ಯಾರಿಸ್ಸಿನ ರೈಲು ನಿಲ್ದಾಣದ ಹಿಂದೆ, ನಿಂತ ನೀರನ್ನು ಹಾರುತ್ತಿದ್ದ ಒಬ್ಬನನ್ನು, ಕಾಲು ನೀರಿಗೆ ತಾಗುವ ಕೂದಲೆಳೆಯಷ್ಟು ಮೊದಲು ಹಿಡಿದ. ಬೇಲಿಯ ಸಂದಿಯಿಂದ ತೆಗೆದದ್ದು. ಫೋಟೋವನ್ನು ಆಮೇಲೆ ಕತ್ತರಿಸಬಾರದು ಅನ್ನುತ್ತಿದ್ದ ಆ ಮನುಷ್ಯನ ಈ ಅತಿ ಪ್ರಸಿದ್ಧ ಫೋಟೋ ಮಾತ್ರ ಅಂಚು ಕತ್ತರಿಸಿದ್ದು, ಬೇಲಿ ಅಡ್ಡ ಬಂದಿತ್ತಲ್ಲ. ನನಗೆ ಈ ಕಥೆ ಬಹಳ ಇಷ್ಟ. ಕ್ಷಣ ಹಿಡಿಯುವುದು ಒಳಗಣ್ಣು, ಬೇಲಿ ತೆಗೆಯುವುದು ಕತ್ತರಿ, ಎರಡೂ ಒಬ್ಬನದೇ.

ಪ್ರಶ್ನೆ: ಕೊಪ್ಪದ ಮನೆಯಿಂದಲೇ ಸಾಫ್ಟ್‌ವೇರ್ ಕೆಲಸ, ಜೊತೆಗೆ ಕಥೆ ಬರೆಯುತ್ತೇನೆ. ಕೋಡಿನ ಗಂಟೂ ಕಥೆಯ ಗಂಟೂ ಮೇಜಿನ ಮುಂದೆ ಬಿಚ್ಚುವುದೇ ಇಲ್ಲ, ಬಚ್ಚಲಲ್ಲಿ ಬಿಚ್ಚುತ್ತದೆ. ಇದು ಎಲ್ಲರಿಗೂ ಹೀಗೇನಾ? ಹಾಗಾದರೆ ಷೇರು ಕೊಳ್ಳುವಾಗಲೂ ಒಳಮನಸ್ಸು ನಂಬಬಹುದಾ?
– ಕೊಪ್ಪ

ಉತ್ತರ: ಮೊದಲನೆಯದಕ್ಕೆ ಹೌದು. ಎರಡನೆಯದಕ್ಕೆ ದಯವಿಟ್ಟು ಬೇಡ.

ಪ್ವಾಂಕರೆ ಅನ್ನುವ ಫ್ರೆಂಚ್ ಗಣಿತಜ್ಞ ತನ್ನ ಅನುಭವವನ್ನು 1908ರ ಪುಸ್ತಕದಲ್ಲಿ ಬರೆದಿದ್ದಾನೆ. ಒಂದು ಲೆಕ್ಕದ ಹಿಂದೆ ಹದಿನೈದು ದಿನ ಒದ್ದಾಡಿದ್ದ. ಒಂದು ರಾತ್ರಿ ಅಭ್ಯಾಸವಿಲ್ಲದ ಕಪ್ಪು ಕಾಫಿ ಕುಡಿದು ನಿದ್ದೆ ಬರದೆ ಸ್ವಲ್ಪ ದಾರಿ ಕಂಡಿತು. ಆಮೇಲೆ ಪ್ರವಾಸ ಹೋದ, ಲೆಕ್ಕ ಮರೆತೇ ಹೋಯಿತು. ಕೂತಾಂಸ್ ಅನ್ನುವ ಊರಲ್ಲಿ ಕುದುರೆ ಬಸ್ಸಿನ ಮೆಟ್ಟಿಲ ಮೇಲೆ ಕಾಲಿಟ್ಟ ಗಳಿಗೆಗೆ ಉತ್ತರ ಹೊಳೆಯಿತು, ಸರಿ ಅನ್ನುವ ಪೂರ್ತಿ ಖಾತ್ರಿಯ ಜೊತೆಗೇ. ಮಾತು ಮುಂದುವರಿಸಿದ, ಊರಿಗೆ ವಾಪಸು ಬಂದ ಮೇಲೆ ಕೂತು ತಾಳೆ ನೋಡಿದ. ಮೆಟ್ಟಿಲ ಕಥೆಯನ್ನಷ್ಟೇ ಜನ ಹೇಳುತ್ತಾರೆ. ಹಿಂದಿನ ಹದಿನೈದು ದಿನ ಮತ್ತು ಮುಂದಿನ ತಾಳೆ ಎರಡೂ ಇಲ್ಲದೆ ಮೆಟ್ಟಿಲಲ್ಲಿ ಏನೂ ಇಲ್ಲ ಅಂತ ಸ್ವತಃ ಅವನೇ ಒತ್ತಿ ಹೇಳಿದ್ದಾನೆ. ಆದ್ದರಿಂದ ಬಚ್ಚಲಿಗೆ ಹೋಗುವ ಮೊದಲು ಮೇಜಿನ ಮುಂದೆ ಕೂತಿದ್ದೆ ಅನ್ನುವುದನ್ನು ಮರೆಯಬೇಡಿ. ನಾನಂತೂ ಗಂಟು ಬಿದ್ದಾಗ ಹೊಳೆಯ ಕಡೆ ನಡೆಯುತ್ತೇನೆ. ಹೊಳೆ ದಂಡೆಯಲ್ಲಿ ಹೊಳೆಯುತ್ತದೆ ಅಂತ ನನ್ನದೊಂದು ಹಳೇ ಜೋಕಿದೆ, ಮನೆಯಲ್ಲಿ ಯಾರೂ ನಗುವುದಿಲ್ಲ.

ಈಗ ಷೇರು. ‘ಸರಿ ಅನ್ನುವ ಖಾತ್ರಿ’ ಅಂದೆನಲ್ಲ, ಅದೇ ಮೋಸ ಮಾಡುವುದು. ಗಣಿತಜ್ಞ ರಾಮಾನುಜನ್‌ಗಿಂತ ದೊಡ್ಡ ಒಳಗಣ್ಣು ಯಾರಿಗಿತ್ತು? ನಾಮಗಿರಿ ದೇವಿ ಕೊಟ್ಟಳು ಅನ್ನುತ್ತಿದ್ದರು. 1913ರಲ್ಲಿ ಅವರು ಇಂಗ್ಲೆಂಡಿನ ಗಣಿತಜ್ಞ ಹಾರ್ಡಿಗೆ ಪತ್ರ ಬರೆದಾಗ ಅದರಲ್ಲಿ ಹಾರ್ಡಿ ಬೆಚ್ಚಿಬೀಳುವಂಥ ಸೂತ್ರಗಳಿದ್ದವು. ಅವಿಭಾಜ್ಯ ಸಂಖ್ಯೆಗಳ ಹಂಚಿಕೆಯ ಬಗ್ಗೆ ಅವರು ಹೇಳಿದ್ದು ಮಾತ್ರ ತಪ್ಪಾಗಿತ್ತು. ಅವರಿಗೆ ಎರಡೂ ಅಷ್ಟೇ ಖಾತ್ರಿಯಿಂದ ಕಂಡಿರಬೇಕು. ಡೇನಿಯಲ್ ಕಾನೆಮನ್ ಮತ್ತು ಗ್ಯಾರಿ ಕ್ಲೈನ್ ಅನ್ನುವ ಇಬ್ಬರು ಮನಃಶಾಸ್ತ್ರಜ್ಞರು, ಒಬ್ಬರು ಒಳತಿಳಿವನ್ನು ನಂಬದವರು, ಇನ್ನೊಬ್ಬರು ನಂಬುವವರು, ಜೊತೆಗೆ ಕೂತು 2009ರಲ್ಲಿ ಒಂದು ಒಪ್ಪಂದಕ್ಕೆ ಬಂದರು. ಕೆಲಸದಲ್ಲಿ ಒಂದು ಕ್ರಮ ಇರಬೇಕು, ಮಾಡಿದ್ದು ಸರಿಯೋ ತಪ್ಪೋ ಅಂತ ಮತ್ತೆ ಮತ್ತೆ ಗೊತ್ತಾಗಿ ಕಲಿಯುವ ಅವಕಾಶ ಇರಬೇಕು. ಎರಡೂ ಇದ್ದ ಕಡೆ ಒಳಮನಸ್ಸು ನಂಬಿ, ಇಲ್ಲದ ಕಡೆ ಬೇಡ. ಅಡಿಕೆ ಹಂಡೆಯಲ್ಲಿ ಎರಡೂ ಇದೆ. ಷೇರಿನಲ್ಲಿ ಮೊದಲನೆಯದೇ ಇಲ್ಲ. ಅಡಿಕೆ ರೇಟಿನಲ್ಲೂ ಇಲ್ಲ ಅಂತ ನಮ್ಮ ಜನಕ್ಕೆ ಬೇರೆ ಹೇಳಬೇಕಾಗಿಲ್ಲ.

ಪ್ರಶ್ನೆ: ಮಗನಿಗೆ ಏಳು ವರ್ಷ. ಗೋಡೆ, ನೆಲ ಎಲ್ಲ ಕಡೆ ಚಿತ್ರ ಬರೆಯುತ್ತಾನೆ. ಡ್ರಾಯಿಂಗ್ ಕ್ಲಾಸಿಗೆ ಸೇರಿಸಿದರೆ ಅವನಲ್ಲಿರುವ ಸಹಜವಾದದ್ದು ಹಾಳಾಗುತ್ತದಾ?
– ತಾಯಿ, ಸಾಗರ

ಉತ್ತರ: ಕ್ಲಾಸಿನಿಂದ ಹಾಳಾಗುವುದಿಲ್ಲ, ಮೇಷ್ಟ್ರಿಂದ ಹಾಳಾಗಬಹುದು. ನನ್ನದೇ ಹೇಳುತ್ತೇನೆ.

ಕೆಲಸಕ್ಕೆ ಸೇರಿದ ಹೊಸತರಲ್ಲಿ ಪರೀಕ್ಷೆಗೆ ‘ಮಳೆಗಾಲದ ದೃಶ್ಯ’ ಅಂತ ಕೊಟ್ಟಿದ್ದೆ. ಎಲ್ಲರೂ ಕಲಿಸಿದ ಹಾಗೆ ಎರಡು ಗುಡ್ಡ, ಒಂದು ಮನೆ, ಮೋಡ, ಮೇಲಿನಿಂದ ಓರೆಯಾಗಿ ಬೀಳುವ ಗೆರೆ ಬರೆದರು. ಕಂಬಳಿಕೊಪ್ಪೆ ಹೊದ್ದು ಕಾಡುದಾರಿಯಲ್ಲಿ ನಡೆದು ಬರುವ ಒಬ್ಬ ಹುಡುಗ ಮಾತ್ರ ಮಳೆಯನ್ನು ನೆಲದಿಂದ ಮೇಲಕ್ಕೆ ಬರೆದಿದ್ದ. ಗೆರೆಗಳೆಲ್ಲ ಅಂಗಳದಿಂದ ಹೊರಟು ಮನೆಯ ಬಾಗಿಲ ಅರ್ಧದವರೆಗೆ ಎದ್ದಿದ್ದವು, ಮೋಡವೇ ಇರಲಿಲ್ಲ. ಮಳೆ ಎಲ್ಲಿಂದ ಬರುತ್ತದೋ ಅಂತ ಕೇಳಿದೆ. ಅವನು ಏನೂ ಹೇಳಲಿಲ್ಲ. ಹತ್ತಕ್ಕೆ ನಾಲ್ಕು ಕೊಟ್ಟೆ. ಮುಂದಿನ ಸಲ ಅವನೂ ಓರೆ ಗೆರೆ ಬರೆದ, ಏಳು ಕೊಟ್ಟೆ.

ಎಷ್ಟೋ ವರ್ಷ ಕಳೆದು ಒಂದು ಆಷಾಢದಲ್ಲಿ ಜಗುಲಿಯ ಮೇಲೆ, ನೆಲದಲ್ಲೇ ಕೂತು ಅಂಗಳ ನೋಡುತ್ತಿದ್ದೆ. ಅಂಥ ಜಡಿಮಳೆಯಲ್ಲಿ ಬೀಳುವ ಹನಿ ಕಣ್ಣಿಗೆ ಕಾಣುವುದೇ ಇಲ್ಲ. ಕಾಣುವುದು ಕಲ್ಲಿಗೆ ಬಡಿದು ಮೇಲೆ ಎದ್ದ ನೀರು, ಒಂದು ಮೊಳದಷ್ಟು ಎತ್ತರಕ್ಕೆ, ಅಂಗಳದ ತುಂಬ. ನೆಲದಲ್ಲಿ ಕೂತ ನನ್ನ ಕಣ್ಣಿನ ಎತ್ತರವೇ ಹೆಚ್ಚುಕಡಿಮೆ ಏಳೆಂಟು ವರ್ಷದವನ ಕಣ್ಣಿನ ಎತ್ತರ.

ಪುಟ್ಟನನ್ನು ಕ್ಲಾಸಿಗೆ ಕಳಿಸಿ, ಕುಂಚ ಹಿಡಿಯುವುದು, ಬಣ್ಣ ಕಲಸುವುದು ಯಾರಾದರೂ ಹೇಳಿಕೊಡಲೇಬೇಕು. ಸೇರಿಸುವ ಮೊದಲು ಒಂದು ದಿನ ಹೋಗಿ ಗೋಡೆಗೆ ಅಂಟಿಸಿದ ಮಕ್ಕಳ ಚಿತ್ರ ನೋಡಿ ಬನ್ನಿ, ಎಲ್ಲ ಒಂದೇ ಥರ ಇದ್ದರೆ ಬೇರೆ ಕಡೆ ಹುಡುಕಿ. ಹಾಳೆ ಮಾತ್ರ ದಪ್ಪದ್ದು ಕೊಡಿಸಿ, ತೆಳು ಹಾಳೆ ಈ ಮಳೆಗಾಲದಲ್ಲಿ ಬಣ್ಣ ಒಣಗುವ ಮೊದಲೇ ಸುರುಳಿ ಸುತ್ತಿಕೊಳ್ಳುತ್ತದೆ.